ಎರಡು ಗುಂಟೆ ಖಾರ

ನಾನು ಸವದತ್ತಿಯಲ್ಲಿ ಹುಟ್ಟಿ ಬೆಳೆದವಳು. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಬಿಟ್ಟರೆ ನಮ್ಮ ಮನೆಗೆ ಬೇರೆ ಭೂಮಿ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ದೊಡವಾಡದ ಕಡೆಯ ಒಂದು ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದೆ. ಎರೆಭೂಮಿ, ಎರಡು ಜೋಡಿ ಎತ್ತು, ಎಲ್ಲದಕ್ಕೂ “ಆತು” ಎನ್ನುವ ಮಾವ, ಯಾವುದಕ್ಕೂ “ಆತು” ಎನ್ನದ ಅತ್ತೆ. ಗಂಡ ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋದರೆ ಬರುತ್ತಿದ್ದದ್ದು ಹಸಿವಾದಾಗ ಮಾತ್ರ. ಹೀಗಾಗಿ ನನ್ನ ಸಂಸಾರ ನಡೆದದ್ದು ಹೆಚ್ಚಾಗಿ ಅತ್ತೆಯ ಜೊತೆಗೇ.

ಅತ್ತೆಗೆ ಒಂದು ಹಟ. ನಮ್ಮ ಹೊಲದ ಮೆಣಸಿನಕಾಯಿಯ ಖಾರಕ್ಕೆ ಇನ್ನೊಬ್ಬರ ಖಾರ ಬೆರೆಯಬಾರದು. ಪ್ರತಿ ವರ್ಷ ಚೀಲ ಹೊತ್ತು ಬೈಲಹೊಂಗಲಕ್ಕೆ ಹೋಗಿ, ಕುಟ್ಟುವ ಯಂತ್ರದ ಮುಂದೆ ಕಣ್ಣು ಮಿಟುಕಿಸದೆ ಕೂತು ಕುಟ್ಟಿಸಿಕೊಂಡು ಬರುತ್ತಿದ್ದರು. ನಾನು ಬಂದ ವರ್ಷ ಯಾರೋ ಪರಿಚಯದವರು ಮಾತಾಡಿಸಿದರೆಂದು ಒಂದು ಗಳಿಗೆ ಹಿಂದೆ ತಿರುಗಿದರಂತೆ. ಮನೆಗೆ ಬಂದು ಡಬ್ಬಿ ತೆರೆದವರೇ ಮುಖ ಕೆಂಪಗೆ ಮಾಡಿಕೊಂಡರು.

“ಇದು ನಮ್ಮ ಖಾರ ಅಲ್ಲ.”

ಮಾವ ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು. “ಖಾರ ಐತಲ್ಲ.”

“ಖಾರ ಐತಿ. ನಮ್ಮದಲ್ಲ.”

ಅಂದೇ ತೀರ್ಮಾನವಾಯಿತು. ಒಂದು ಎಮ್ಮೆ ಹೋಯಿತು, ಖಾರ ಕುಟ್ಟುವ ಯಂತ್ರ ಬಂತು. ಮೊದಲು ಅದನ್ನು ಮನೆಯ ಪಡಸಾಲೆಯಲ್ಲೇ ಕೂಡಿಸಿದೆವು. ಶುರು ಮಾಡಿ ಅರ್ಧ ತಾಸಾಗಿರಲಿಲ್ಲ, ಇಡೀ ಓಣಿ ಸೀನಲು ಹತ್ತಿತು. ಎದುರು ಮನೆಯಲ್ಲಿ ಕನ್ಯೆ ನೋಡಲು ಬಂದವರಿದ್ದರು. ಹುಡುಗ, ಹುಡುಗನ ತಂದೆ, ಹುಡುಗಿ ಎಲ್ಲರೂ ಕಣ್ಣೀರು ಸುರಿಸುತ್ತ ಹೊರಗೆ ಓಡಿ ಬಂದರು. ಹುಡುಗಿಯ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದಳು. “ಸಂಬಂಧ ಕೂಡೂದರೊಳಗ ಎಲ್ಲಾರೂ ಅತ್ತ್ರಲ್ಲವ್ವಾ, ಹಿಂಗ್ಯಾಕ ಮಾಡತೀರಿ?” ಎಂದಳು. ಸಂಬಂಧ ಕೂಡಿತು, ಅದು ಬೇರೆ ಮಾತು. ಯಂತ್ರ ಮಾತ್ರ ಮರುದಿನವೇ ಚಕ್ಕಡಿ ಏರಿ ರಸ್ತೆ ಪಕ್ಕದ ಹೊಲಕ್ಕೆ ಹೋಯಿತು. ಅಲ್ಲಿ ತಗಡಿನ ಶೆಡ್ ಇತ್ತು, ಬಾವಿಯ ನೀರೆತ್ತುವ ಡೀಸೆಲ್ ಇಂಜಿನ್ ಇತ್ತು. ಪಂಪಿನ ಪಟ್ಟಾ ಬಿಚ್ಚಿ ಯಂತ್ರಕ್ಕೆ ಹಾಕಿದರೆ ಕೆಲಸ ಆಯಿತು.

ಸುದ್ದಿ ಹಬ್ಬಿತು. ಸುತ್ತಲಿನ ಹಳ್ಳಿಗಳ ಹೆಂಗಸರು ಮೆಣಸಿನಕಾಯಿ ಗಂಟು ಹೊತ್ತು ಬರತೊಡಗಿದರು. ಒಬ್ಬರ ಖಾರಕ್ಕೆ ಇನ್ನೊಬ್ಬರದು ಕೂಡದ ಹಾಗೆ, ಪ್ರತಿ ಗಂಟಿಗೂ ಮುನ್ನ ಅತ್ತೆ ಯಂತ್ರವನ್ನು ಕೂಸಿನ ಮುಖದಂತೆ ಒರೆಸುತ್ತಿದ್ದರು. ಅಷ್ಟರಲ್ಲಿ ನಾನೊಂದು ಶಾಣ್ಯಾತನ ಮಾಡಿದೆ. ರಸ್ತೆಯಲ್ಲಿ ಧಾರವಾಡದ ಬಸ್ಸು ಓಡಾಡುತ್ತವೆ, ಒಂದು ಬೋರ್ಡ್ ಹಾಕೋಣ ಎಂದೆ. ಮಾವ “ಆತು” ಎಂದರು. ಎತ್ತಿನ ಕೊಂಬಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಲ್ಲಿ ತಗಡಿನ ಮೇಲೆ ನಾನೇ ಬರೆದೆ: “ಇಲ್ಲಿ ಖಾರ ಕುಟ್ಟಿ ಕೊಡಲಾಗುವುದು. ಖಾರಪುಡಿ ಸಿಗುತ್ತದೆ.” ಅಕ್ಷರ ಬಹಳ ಚೆನ್ನಾಗಿ ಬಂದವು. ಬಸ್ಸಿನ ಕಿಟಕಿಯಿಂದಲೂ ಓದಬಹುದಿತ್ತು. ಮೊದಲು ಓದಿದವರು ಊರಿನ ಭೂಮಿಯ ಲೆಕ್ಕ ನೋಡುವ ತಲಾಟಿ.

ತಲಾಟಿ ಒಳ್ಳೆಯ ಮನುಷ್ಯರು. ಸೈಕಲ್ ನಿಲ್ಲಿಸಿ, ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ತಮಗೇ ಬೇಜಾರಾದವರಂತೆ ಮಾತು ತೆಗೆದರು.

“ಅವ್ವಾರ, ಹೊಲದಾಗ ಶೆಡ್ ಹಾಕ್ರಿ, ಬಾವಿ ತೋಡ್ರಿ, ದನಾ ಕಟ್ರಿ, ಯಾರೂ ಕೇಳಂಗಿಲ್ಲ. ನಿಮ್ಮ ಹೊಲದ ಮೆಣಸಿನಕಾಯಿ ನೀವು ಕುಟ್ಟಿಕೊಳ್ರಿ, ಅದೂ ಒಕ್ಕಲುತನದಾಗ ಬರತೈತಿ. ಆದ್ರ ಮಂದೀದು ಕುಟ್ಟಿ ಕೊಟ್ರ ಅದು ಧಂದೆ ಆತು. ಧಂದೆ ಮಾಡೂ ಜಾಗಾ ಎನ್.ಎ. ಆಗಿರಬೇಕು.”

“ಎನ್ನೆ ಅಂದ್ರ?” ಅತ್ತೆ ನನ್ನ ಕಡೆ ನೋಡಿದರು.

ಮನೆಯಲ್ಲಿ ಓದಿದವಳು ನಾನೊಬ್ಬಳೇ. “ಈ ಜಾಗಾ ಹೊಲ ಅಲ್ಲ ಅಂತ ಸರಕಾರ ಬರದು ಕೊಡೂದುರಿ ಅತ್ತಿ” ಎಂದೆ.

ಅತ್ತೆ ಎದ್ದು ನಿಂತರು. “ನನ್ನ ಹೊಲಾ ಹೊಲಾ ಅಲ್ಲ ಅಂತ ಬರಸ್ಕೊಂಡು ಬರಬೇಕ? ತಾಯೀನ ತಾಯಿ ಅಲ್ಲ ಅಂತ ಬರಸ್ಕೊಂಡು ಬಾ ಅಂದಂಗಾತು! ಆಗಂಗಿಲ್ಲ ತಗೀರಿ.”

“ಹಂಗಾದ್ರ ನಿಮ್ಮವಷ್ಟ ಕುಟ್ರಿ. ಮಂದಿ ಮೆಣಸಿನಕಾಯಿ ಬ್ಯಾಡ. ಬೋರ್ಡ್ ತಗೀರಿ.”

ಬೋರ್ಡು ತೆಗೆದೆವು. ಮಾವ ಅದನ್ನು ಪಕ್ಕದ ಮನೆಯವರಿಗೆ ಅವರ ಕೋಳಿಗೂಡಿನ ಮುಚ್ಚಳಕ್ಕೆಂದು ಕೊಟ್ಟುಬಿಟ್ಟರು. ನಾಲ್ಕನೆಯ ದಿನ ಅತ್ತೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ನಿಲ್ಲಿಸಿ ನನ್ನನ್ನು ಕೇಳಿದರು: “ಮಂದಿ ನನಗ ಮೆಣಸಿನಕಾಯಿ ಹಂಗ ಕೊಟ್ರ, ಅವು ಯಾರವು?”

“ನಿಮ್ಮವ ಆಗತಾವ.”

“ನಾ ನನ್ನ ಖಾರಾ ಯಾರಿಗರೆ ಉಡೀಗೆ ಹಾಕಿದ್ರ ಸರಕಾರ ಬ್ಯಾಡ ಅಂತೈತೇನು?”

ಇಲ್ಲ ಎಂದೆ. ಸುಳ್ಳು ಹೇಳಲಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ಉಡಿ ತುಂಬುವುದನ್ನು ತಡೆಯುವ ಕಾಯಿದೆ ಯಾವ ಸರಕಾರವೂ ತಂದಿಲ್ಲ, ತಂದರೆ ಆ ಸರಕಾರ ಉಳಿಯುವುದೂ ಇಲ್ಲ.

ಹೀಗೆ ನಮ್ಮ ಹೊಲದಲ್ಲಿ ಉಡಿ ತುಂಬುವ ಕಾರ್ಯ ಆರಂಭವಾಯಿತು. ಬಂದ ಹೆಂಗಸು ಮೆಣಸಿನಕಾಯಿ ಗಂಟನ್ನು ಅತ್ತೆಯ ಮುಂದಿಟ್ಟು “ತಗೋ ಯವ್ವಾ, ನಿನಗ ಕೊಟ್ಟೇನಿ” ಎನ್ನಬೇಕು. ಅತ್ತೆ “ತಗೊಂಡೆ” ಎನ್ನಬೇಕು. ಕುಟ್ಟಿದ ಮೇಲೆ ಆಕೆಯನ್ನು ಮಣೆಯ ಮೇಲೆ ಕೂಡಿಸಿ, ಅರಿಶಿನ ಕುಂಕುಮ ಹಚ್ಚಿ, ಸೆರಗಿನಲ್ಲಿ ಎಲೆ ಅಡಿಕೆ ಇಟ್ಟು, ಅದರ ಮೇಲೆ ಅವಳದೇ ಖಾರದ ಚೀಲ ಇಡುವುದು. ಅವರು ಮುಯ್ಯಿಗೆಂದು ಜೋಳ, ಕಡಲೆ, ಅಲಸಂದಿ ತರುತ್ತಿದ್ದರು. ಗೊತ್ತಿಲ್ಲದ ಒಬ್ಬಾಕೆ ನಮ್ಮ ಲಿಂಗ ಕಟ್ಟಿದ ಮನೆಗೆ ಜೀವಂತ ಕೋಳಿ ತಂದಳು. ಅದನ್ನೂ ಕೋಳಿಗೂಡಿದ್ದ ಆ ಪಕ್ಕದ ಮನೆಯವರಿಗೇ ಕೊಟ್ಟೆವು.

ಒಂದು ದಿನ ಮುದುಕಿಯೊಬ್ಬಳು ಸಣ್ಣ ಗಂಟು ತಂದಳು. ಕುಟ್ಟಿ ಮುಗಿದ ಮೇಲೆ ಮಣೆಯ ಹತ್ತಿರ ಬರದೆ ದೂರ ನಿಂತಳು.

“ನನಗ ಬ್ಯಾಡ ಯವ್ವಾ. ಗಂಡ ಸತ್ತ ಮೂವತ್ತು ವರ್ಷ ಆತು. ನನ್ನ ಉಡಿ ಯಾರು ತುಂಬತಾರ?”

ಸಾಲಿನಲ್ಲಿದ್ದ ಹೆಂಗಸರು ಅತ್ತೆಯ ಕಡೆ ತಿರುಗಿದರು. ಅತ್ತೆ ಶಾಸ್ತ್ರ ಸಂಪ್ರದಾಯದಲ್ಲಿ ಬಿಗಿಯಾದವರು, ಏನು ಮಾಡುತ್ತಾರೋ ನನಗೂ ಗೊತ್ತಿರಲಿಲ್ಲ. ಅವರು ಆಕೆಯ ಕೈ ಹಿಡಿದು ಎಳೆದು ಮಣೆಯ ಮೇಲೆ ಕೂಡಿಸಿದರು.

“ಕುಂದರ ಬೇ. ತಲಾಟಿ ಬಂದ್ರ ಏನ್ ಹೇಳ್ಲಿ? ಕಾಯಿದೆ ಮುಂದ ಎಲ್ಲಾರೂ ಮುತ್ತೈದೇರ.”

ಮುದುಕಿ ಕಣ್ಣು ಒರೆಸಿಕೊಂಡಳು. ಖಾರದ ಶೆಡ್ಡಿನಲ್ಲಿ ಯಾರ ಕಣ್ಣೀರು ಯಾವುದಕ್ಕೆ ಎಂದು ಹೇಳಲು ಬರುವುದಿಲ್ಲ, ಆದರೆ ಅವಳು ರಸ್ತೆವರೆಗೆ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ದಿನದಿಂದ ಗಂಡ ಇಲ್ಲದವರೂ ನಮ್ಮಲ್ಲಿಗೇ ಬರತೊಡಗಿದರು. ಕೆಲವರ ಗಂಟಿನಲ್ಲಿ ಹಿಡಿ ಮೆಣಸಿನಕಾಯಿ ಕೂಡ ಇರುತ್ತಿರಲಿಲ್ಲ.

ತೊಡಕು ಬಂದದ್ದು ಗಂಡಸರಿಂದ. ಮಿಲಿಟ್ರಿಯಿಂದ ನಿವೃತ್ತರಾಗಿ ಬಂದ ಹುರಿಮೀಸೆಯವರೊಬ್ಬರು ಚೀಲ ತಂದು ಮಣೆಯ ಮೇಲೆ ಸೀದಾ ಹೋಗಿ ಕೂತುಬಿಟ್ಟರು. ಅವರ ಉಡಿ ತುಂಬುವುದು ಹೇಗೆ? ಅತ್ತೆ ಯೋಚಿಸಿ, ಮದುವೆಯಲ್ಲಿ ಗಂಡಸರಿಗೆ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರಲ್ಲ, ಹಾಗೆ ಹೆಗಲಿಗೊಂದು ಟವೆಲ್ ಹೊದಿಸಿ, ಅದರ ತುದಿಗೆ ಖಾರ ಕಟ್ಟಿ ಕಳಿಸಿದರು. ಮರುವಾರ ಎಂಟು ಜನ ಗಂಡಸರು ಬಂದರು. ಅವರಲ್ಲಿ ಇಬ್ಬರ ಕೈಯಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಅವತ್ತಿನಿಂದ ಟವೆಲ್ ಹೊದಿಸುವುದು, ಕೈ ಮುಗಿಯುವುದು, ಟವೆಲ್ ವಾಪಸ್ ತೆಗೆದುಕೊಳ್ಳುವುದು ಎಂದಾಯಿತು. ಒಂದೇ ಟವೆಲಿನಲ್ಲಿ ಇಡೀ ಸುಗ್ಗಿ ಸಾಗಿತು. ಅದನ್ನು ಹೆಗಲಿಗೆ ಹಾಕಿಸಿಕೊಂಡವರೆಲ್ಲ ಮೊದಲು ಮೂರು ಸಲ ಸೀನುತ್ತಿದ್ದರು.

ಯಾರು ದೂರು ಬರೆದು ಹಾಕಿದರೋ, ಒಂದು ಬೆಳಿಗ್ಗೆ ತಾಲೂಕು ಕಚೇರಿಯ ಜೀಪು ಬಂತು. ಸಾಹೇಬರು, ಹಿಂದೆ ತಲಾಟಿ, ಕೈಯಲ್ಲಿ ಪಂಚನಾಮೆ ಬರೆಯುವ ಕಾಗದ. ಸಾಲಿನಲ್ಲಿ ಇಪ್ಪತ್ತು ಜನ ಹೆಂಗಸರು.

“ಏನ್ ಕಾರ್ಯಕ್ರಮ ಇದು?” ಸಾಹೇಬರು ಮುಂದಿದ್ದಾಕೆಯನ್ನು ಕೇಳಿದರು.

“ಉಡಿ ತುಂಬಾಕ ಹತ್ತ್ಯಾರ್ರಿ.”

“ನಿಮಗೇನು ವಿಶೇಷ?”

“ನನಗೇನಿಲ್ರಿ, ಮನ್ಯಾಗ ಖಾರಾ ತೀರೇತ್ರಿ.”

ಅತ್ತೆ ಅವಳನ್ನು ಕಣ್ಣಿನಲ್ಲೇ ಸುಟ್ಟರು. ಸಾಹೇಬರು ನಗಲಿಲ್ಲ. ನಿಮ್ಮ ಮೆಣಸಿನಕಾಯಿ ಹೇಗೆ ಕುಟ್ಟುತ್ತೀರಿ ತೋರಿಸಿ ಎಂದರು. ಮಾವ “ಆತು” ಎಂದು ಇಂಜಿನ್ ತಿರುವಿದರು. ಅವತ್ತು ಪಡುವಣ ಗಾಳಿ. ಶೆಡ್ಡಿನ ಕೆಂಪು ಮೋಡವೆಲ್ಲ ನೇರ ಸಾಹೇಬರ ಮೇಲೆ ಬಂತು. ಅವರು ಪಂಚನಾಮೆಯ ಒಕ್ಕಣೆ ಹೇಳಬೇಕು, ತಲಾಟಿ ಬರೆದುಕೊಳ್ಳಬೇಕು.

“ಸದರಿ ಜಮೀನಿನಲ್ಲಿ... ಆಕ್ಷೀ!”

“ಆಕ್ಷೀ... ಜಮೀನಿನಲ್ಲಿ, ಮುಂದೇನ್ರಿ?”

“ಯಂತ್ರವೊಂದು... ಆಕ್ಷೀ! ಅದನ್ನ ಬರೀಬ್ಯಾಡ್ರಿ!”

“ಯಾವ್ದನ್ನ್ರಿ, ಯಂತ್ರನೋ ಸೀನೋ?”

ತಲಾಟಿಯ ಪೆನ್ನು ಪ್ರತಿ ಸೀನಿಗೂ ಕಾಗದದ ಒಂದು ತುದಿಯಿಂದ ಇನ್ನೊಂದು ತುದಿಗೆ ಗೆರೆ ಎಳೆಯುತ್ತಿತ್ತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಖಾರಕ್ಕೋ ನಗುವಿಗೋ. ಕೊನೆಗೆ ಸಾಹೇಬರು ಇಂಜಿನ್ ನಿಲ್ಲಿಸಿ ಎಂದು ಕೈ ಮಾಡಿ, ಒಂದು ಗಂಟನ್ನು ತೋರಿಸಿದರು.

“ಈ ಮೆಣಸಿನಕಾಯಿ ಯಾರವು?”

“ನನಗ ಕೊಟ್ಟಾರ್ರಿ. ನನ್ನವು” ಎಂದರು ಅತ್ತೆ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು.

ಸಾಲಿನ ನಡುವಿನಿಂದ ಒಂದು ದನಿ ಚೀರಿತು. “ಅಯ್ಯ ನಮ್ಮವ್ವ! ಅವು ನನ್ನವು! ನಿನ್ನ ಖಾರದಾಗ ಕೂಡಿಸೀಯ ಮತ್ತ!”

ಅದೇ ಮುದುಕಿ. ತನ್ನ ಖಾರ ಬೇರೆಯವರದರಲ್ಲಿ ಬೆರೆತುಹೋದೀತೆಂದು ಆಕೆಗೆ ಜೀವವೇ ಹೋದಂತಾಗಿತ್ತು. ಅತ್ತೆ ಸಿಟ್ಟಾಗುತ್ತಾರೆಂದುಕೊಂಡೆ. ಅವರು ಮುದುಕಿಯನ್ನೇ ನೋಡಿದರು, ಗಂಟನ್ನು ನೋಡಿದರು, ಆಮೇಲೆ ಸಾಹೇಬರಿಗೆ ಕೈ ಮುಗಿದರು.

“ಆಕೀ ಹೇಳಿದ್ದು ಖರೇ ಐತ್ರಿ. ಆಕೀವ. ಖಾರದ ವಿಷಯದಾಗ ಸುಳ್ಳು ಹೇಳಬಾರದು.”

ಸಾಹೇಬರು ಆಗ ನಕ್ಕರು. ಕಣ್ಣು ಒರೆಸಿಕೊಳ್ಳುತ್ತ ಮಣೆಯ ಮೇಲೆ ಕೂತರು, ನೀರು ಕುಡಿದರು. ಇಡೀ ಹೊಲ ಎನ್.ಎ. ಮಾಡಿಸಬೇಕಾಗಿಲ್ಲ, ಶೆಡ್ಡಿನ ಕೆಳಗಿನ ಎರಡು ಗುಂಟೆ ಜಾಗಕ್ಕಷ್ಟೇ ಅರ್ಜಿ ಕೊಡಿ, ಹೊಲ ಹೊಲವಾಗಿಯೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಅರಿಶಿನ ಕುಂಕುಮ ಉಳಿಯುತ್ತಿತ್ತು. ಅತ್ತೆ “ಎರಡು ಗುಂಟೆ ಅಂದ್ರ ತಾಯಿ ಕಿರಿಬೆರಳಷ್ಟು. ಆಗಲಿ” ಎಂದರು.

ಅರ್ಜಿ ನಾನು ಬರೆದೆ. ಅದು ಎರಡು ಮಳೆಗಾಲ ಊರೂರು ತಿರುಗಿತು. ನಕಾಶೆ ಇಲ್ಲ ಎಂದು ಒಮ್ಮೆ ಬಂತು, ಪಂಚಾಯ್ತಿಯ ಪತ್ರ ಇಲ್ಲ ಎಂದು ಇನ್ನೊಮ್ಮೆ. ಅಳತೆಯವರು ಸರಪಳಿ ಹಿಡಿದು ಬಂದು ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟರು. ಅವರು ಹೋಗುವ ಮೊದಲೇ ಅತ್ತೆ ನಾಲ್ಕಕ್ಕೂ ವಿಭೂತಿ ಹಚ್ಚಿ ಕಾಯಿ ಒಡೆದಾಗಿತ್ತು.

“ಅವ್ವಾರ, ಅವು ದೇವ್ರಲ್ರಿ, ಗಡಿಕಲ್ಲ” ಎಂದರು ತಲಾಟಿ.

“ನಿಮಗ ಗೊತ್ತಾಗಂಗಿಲ್ಲ ಬಿಡ್ರಿ.”

ಕೊನೆಗೆ ಆದೇಶ ಬಂತು. ಅತ್ತೆ ಮೂರು ಸಲ ಓದಿಸಿದರು. ಅದರಲ್ಲಿ “ಕೈಗಾರಿಕಾ ಉದ್ದೇಶಕ್ಕಾಗಿ” ಎಂದಿತ್ತು. ಹಾಗೆಂದರೆ ಏನು ಎಂದರು. “ಇಂಡಸ್ಟ್ರಿರಿ” ಎಂದೆ. ಹೇಳಬಾರದಿತ್ತು. ಆಮೇಲೆ ಮದುವೆ ಮುಂಜಿವೆಯಲ್ಲಿ ಯಾರಾದರೂ ನಿಮ್ಮ ಮನೆತನದ ಉದ್ಯೋಗ ಏನು ಎಂದರೆ ಅತ್ತೆ ಗಂಭೀರವಾಗಿ “ಒಕ್ಕಲುತನ, ಮತ್ತ ಇಂಡಸ್ಟ್ರಿ” ಎನ್ನುತ್ತಿದ್ದರು. ಹೊಲದಲ್ಲಿ ಎತ್ತು ಕಲ್ಲು ದಾಟಿ ಶೆಡ್ಡಿನ ಕಡೆ ಬಂದರೆ, “ಎತ್ತು ಇಂಡಸ್ಟ್ರಿಯೊಳಗ ಹೊಕ್ತಲೇ, ಹೊಡೀರಿ!” ಎಂದು ಕೂಗುವರು. ಉಡಿ ತುಂಬುವುದು ಇನ್ನು ಬೇಕಾಗಿರಲಿಲ್ಲ. ಆದರೆ ನಿಲ್ಲಿಸಿದ ಮೊದಲ ದಿನವೇ ಹೆಂಗಸರು ಮಣೆ ಎಲ್ಲಿ ಎಂದು ಕೇಳಿದರು. ಬರೀ ಖಾರ ಕುಟ್ಟಿಸಿಕೊಂಡು ಹೋಗುವುದಾದರೆ ಬೈಲಹೊಂಗಲಕ್ಕೇ ಹೋಗುತ್ತೇವೆ ಎಂದರು. ಮಣೆ ವಾಪಸ್ ಬಂತು.

ಆ ವರ್ಷ ಮಳೆ ಬಿದ್ದ ಮೇಲೆ ಶೆಡ್ಡಿನ ಸುತ್ತ ಚೆಲ್ಲಿದ್ದ ಬೀಜಗಳೆಲ್ಲ ಮೊಳೆತು, ಬೆಳೆದು ಕಾಯಿ ಬಿಟ್ಟವು. ಯಾರೂ ಬಿತ್ತದ ಮೆಣಸಿನ ಗಿಡ, ಎರಡು ಗುಂಟೆಯ ತುಂಬ, ಕಲ್ಲಿನಿಂದ ಕಲ್ಲಿನವರೆಗೆ. ಅತ್ತೆಗೆ ದಿಗಿಲಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ತಲಾಟಿಯನ್ನು ತಾವೇ ಕೂಗಿ ಕರೆದರು.

“ನೋಡ್ರಿ, ಇಲ್ಲಿ ಒಕ್ಕಲುತನ ಆಗಾಕ ಹತ್ತೈತಿ. ನಾವು ಮಾಡಿಲ್ಲ, ತಾನ ಆಗೇತಿ. ನಾಳೆ ನಮ್ಮ ಮ್ಯಾಲ ಹಾಕಬ್ಯಾಡ್ರಿ.”

ತಲಾಟಿ ಸೈಕಲ್ ಹಿಡಿದುಕೊಂಡೇ ಬಹಳ ಹೊತ್ತು ಗಿಡಗಳನ್ನು ನೋಡಿದರು. “ಇದಕ್ಕ ಯಾವ ಫಾರ್ಮ್ ಐತೋ ನನಗೂ ಗೊತ್ತಿಲ್ಲವ್ವಾ” ಎಂದು ಹೇಳಿ, ನಾಲ್ಕು ಹಸಿಮೆಣಸಿನಕಾಯಿ ಕಿತ್ತು ಜೇಬಿಗೆ ಹಾಕಿಕೊಂಡು ಹೋದರು. ಉಳಿದವನ್ನು ಹಣ್ಣಾಗಲು ಬಿಟ್ಟು, ಆಮೇಲೆ ಕಿತ್ತು ಬೆಳ್ಳುಳ್ಳಿ ಉಪ್ಪು ಹಾಕಿ ರಂಜಕ ಕುಟ್ಟಿದೆವು. ಮಾವ ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ತಿಂದರು, ಎರಡು ಚರಿಗೆ ನೀರು ಕುಡಿದರು. ಹೇಗಿದೆ ಎಂದು ನಾನು ಕೇಳಿದೆ. ಅವರಿಗೆ “ಆತು” ಎನ್ನಲು ಕೂಡ ಬಾಯಿ ಬರಲಿಲ್ಲ.