ಕ್ಯಾರಿಯರ್ ಮೇಲೆ ಕುಳಿತವಳು

ಮದುವೆಯಾಗಿ ಇಳಕಲ್ಲಿಗೆ ಬಂದಾಗ ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು, ನಮ್ಮ ಮನೆಯವರು ಗಂಡುಮಕ್ಕಳ ಸಾಲೆಯಲ್ಲಿ ಮಾಸ್ತರರು. ನಾವಿನ್ನೂ ಮುಂಬಯಿ ರಾಜ್ಯದವರಾಗಿದ್ದ ಕಾಲ ಅದು. ಊರಲ್ಲಿ ಸೈಕಲ್ಲುಗಳು ಒಂದೊಂದಾಗಿ ಹೆಚ್ಚುತ್ತಿದ್ದವು. ಇವರ ಹತ್ತಿರವೂ ಒಂದಿತ್ತು. ದಿನಾ ಮುಂಜಾನೆ ನನ್ನನ್ನು ಹಿಂದೆ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೊರಡುವರು. ಹೆಂಡತಿಯನ್ನು ಹಾಗೆ ಕೂಡಿಸಿಕೊಂಡು ಹೋಗುವ ಗಂಡಸನ್ನು ನಮ್ಮ ಓಣಿ ಅದುವರೆಗೆ ಕಂಡಿರಲಿಲ್ಲ. ಮಗ್ಗದ ಸದ್ದು ನಿಲ್ಲಿಸಿ ಜನ ಹೊರಗೆ ಬಂದು ನೋಡುತ್ತಿದ್ದರು. ಸೆರಗು ಚಕ್ರಕ್ಕೆ ಸಿಕ್ಕದಂತೆ ಸುತ್ತಿ ಹಿಡಿದು ತಲೆ ತಗ್ಗಿಸಿ ಕುಳಿತಿರುತ್ತಿದ್ದೆ. ಒಳಗೊಳಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ದೊಡ್ಡ ರಸ್ತೆಯಲ್ಲಿ ಒಂದು ಸೈಕಲ್ ಮೇಲೆ ಇಬ್ಬರು ಕೂತರೆ ಪೊಲೀಸರು ಹಿಡಿಯುತ್ತಿದ್ದರು. ಅದಕ್ಕೇ ಇವರು ಹಳ್ಳದ ಒಡ್ಡಿನ ಮೇಲಿನ ದಾರಿ ಹಿಡಿದರು. ಅದು ಕಾಲ್ದಾರಿ. ಒಂದು ಕಡೆ ಪಾಪಾಸುಕಳ್ಳಿಯ ಬೇಲಿ, ಇನ್ನೊಂದು ಕಡೆ ಹಳ್ಳಕ್ಕೆ ಇಳಿಯುವ ದರೆ. ಎದುರಾ ಬದುರಾ ಬಂದ ಇಬ್ಬರು ಮೈ ಓರೆ ಮಾಡಿಕೊಂಡೇ ದಾಟಬೇಕು. ನೀರಿನ ಕೊಡ ಹೊತ್ತವರು, ಆಡು ಹೊಡೆದುಕೊಂಡು ಹೋಗುವವರು, ಹೊಲಕ್ಕೆ ಬುತ್ತಿ ಒಯ್ಯುವವರು, ಬಣ್ಣ ಹಾಕಿದ ನೂಲು ತೊಳೆಯಲು ಹಳ್ಳಕ್ಕೆ ಇಳಿಯುವವರು, ಎಲ್ಲರಿಗೂ ಅದೇ ದಾರಿ. ನಮ್ಮ ಓಣಿಯ ಕಡೆಯಿಂದ ಅದು ಇಳಿಜಾರು. ಸೈಕಲ್ಲಿನವರಿಗೆ ಅದೇ ಮೋಜು. ಇವರ ಗೆಳೆಯರೂ ಬರುವರು, ಮೇಲಿಂದ ಪೆಡಲ್ ತುಳಿಯದೆ ಬಿಟ್ಟರೆ ಯಾರದು ಎಲ್ಲಿಯವರೆಗೆ ಓಡುತ್ತದೆ ಎಂದು ಪಂಥ ಕಟ್ಟುವರು.

ಮೊದಲ ಸಲ ಆ ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಸುಂಯ್ ಎಂದಾಗ ನಾನು ಇವರ ಅಂಗಿ ಹಿಡಿದು ಜಗ್ಗಿದೆ.

"ಸಾವಕಾಶ ಹೋಗ್ರಿ. ಮುಂದ ಮಂದಿ ಅದಾರ."

"ಗಂಟಿ ಹೊಡ್ಯಾಕತ್ತೇನಲ್ಲ. ಕೇಳಿದವರು ಸರೀತಾರ."

"ಬ್ರೇಕ್ ಹಿಡೀರಿ ಒಂಚೂರು."

"ಬ್ರೇಕ್ ಹಿಡದರ ಇಳಿಜಾರ ಇದ್ದು ಏನ ಉಪಯೋಗ? ನೀ ಗಟ್ಟಿ ಹಿಡಕೊಂಡು ಕೂಡು, ಸಾಕು."

ಗಂಟೆ ಕೇಳಿದವರು ಸರಿಯುತ್ತಿದ್ದರು, ನಿಜ. ಆದರೆ ಹೇಗೆ ಸರಿಯುತ್ತಿದ್ದರು ಎಂಬುದು ಹಿಂದೆ ಕುಳಿತ ನನಗೆ ಕಾಣುತ್ತಿತ್ತು, ಮುಂದೆ ನೋಡುವ ಅವರಿಗೆ ಕಾಣುತ್ತಿರಲಿಲ್ಲ. ನಾವು ದಾಟಿ ಹೋದ ಮೇಲೆ ಒಬ್ಬ ಮುದುಕ ಕಳ್ಳಿಯ ಮುಳ್ಳು ಕಿತ್ತುಕೊಳ್ಳುತ್ತ ನಿಂತಿರುತ್ತಿದ್ದ. ಒಬ್ಬಾಕೆಯ ಕೊಡದ ನೀರು ಅರ್ಧ ಚೆಲ್ಲಿ ಸೀರೆಯೆಲ್ಲ ತೊಯ್ದಿರುತ್ತಿತ್ತು. ಅವರು ಬಯ್ಯುವಾಗ ಅವರ ಮುಖ ನನ್ನ ಕಡೆಗೇ ಇರುತ್ತಿತ್ತು. ನಾನು ಹಿಂದಕ್ಕೆ ನೋಡುತ್ತ, ಅವರಿಂದ ದೂರ ದೂರ ಹೋಗುತ್ತಿದ್ದೆ.

ಅತ್ತೆಯವರಿಗೆ ಹೇಳಿ ನೋಡಿದೆ. ಜೋಳ ಹಸನು ಮಾಡುತ್ತ ಕುಳಿತಿದ್ದ ಅವರು ಮೊರ ನಿಲ್ಲಿಸಲೂ ಇಲ್ಲ. "ಗಣಮಗ ಅದಾನ, ಜೋರ್ ಹೊಡೀತಾನ. ಅಂಜಿಕಿ ಬಂದ್ರ ಕಣ್ ಮುಚ್ಚಿ ಕೂಡು" ಎಂದರು. ಸಾಲೆಯಲ್ಲಿ ನನ್ನ ಜೊತೆಯ ಅಕ್ಕೋರಿಗೆ ಹೇಳಿದರೆ ಆಕೆ ನಕ್ಕಳು. "ನನ್ನ ಗಂಡ ಎತ್ತಿನ ಗಾಡ್ಯಾಗೂ ಕೂಡಿಸಿಕೊಂಡು ಹೋಗಂಗಿಲ್ಲ. ನಿಂದೇನವಾ ದೊಡ್ಡ ತ್ರಾಸ?"

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಮುಸಲ್ಮಾನರ ಮನೆಯಿತ್ತು. ಆ ಮನೆಯ ಹಿರಿಯಾಕೆಯನ್ನು ಓಣಿಯೆಲ್ಲ ಖಾಲಾ ಎನ್ನುತ್ತಿತ್ತು. ಗಂಡ, ಮಗ ಬಣ್ಣದ ಹಂಡೆಯ ಮುಂದೆ ನಿಂತರೆ ನೂಲು ತೊಳೆದು ತರುವುದು ಖಾಲಾನ ಕೆಲಸ. ಆಕೆಯ ಕೈಗಳು ಯಾವಾಗಲೂ ಮೊಳಕೈವರೆಗೆ ಕೆಂಪು. ಹೊಸ ಮದುವಣಗಿತ್ತಿಯಾಗಿ ಬಂದು ತವರು ನೆನೆದು ಅಳುತ್ತಿದ್ದ ನನ್ನನ್ನು ಮೊದಲು ಮಾತಾಡಿಸಿದವಳು ಆಕೆ. ಹಿತ್ತಲ ಗೋಡೆಯ ಮೇಲಿಂದ ಬಟ್ಟಲು ಚಾಚಿ, "ತಗೋ ಬೇಟಿ, ಗೋಡಂಬಿ ಇಲ್ಲ, ಶೇಂಗಾ ಹಾಕೀನಿ" ಎಂದು ಹಬ್ಬದ ಶೀರಕುರ್ಮಾ ಪಾಯಸ ಕೊಟ್ಟವಳು. ಅತ್ತೆಯವರಿಗೆ ತಿಳಿಯದಂತೆ ಅಲ್ಲೇ ನಿಂತು ಕುಡಿದು ಬಟ್ಟಲು ತೊಳೆದು ಕೊಟ್ಟಿದ್ದೆ.

ಅವತ್ತು ಶನಿವಾರ, ಮುಂಜಾನೆಯ ಸಾಲೆ. ಇವರ ಗೆಳೆಯರೊಬ್ಬರು ನಮ್ಮ ಹಿಂದೆಯೇ ಇಳಿಜಾರಿಗೆ ಬಂದರು. ಅವರು ಗಂಟೆ ಬಾರಿಸಿದ್ದೇ ತಡ, ಇವರು ಪೆಡಲ್ ತುಳಿಯತೊಡಗಿದರು. ಇಳಿಜಾರಿನಲ್ಲಿ ತುಳಿದದ್ದು ಅದೇ ಮೊದಲು. ನಾನು ಇವರ ಭುಜದ ಪಕ್ಕದಿಂದ ಬಗ್ಗಿ ನೋಡಿದೆ. ಕೆಳಗೆ ಖಾಲಾ ಬರುತ್ತಿದ್ದಳು. ತಲೆಯ ಮೇಲೆ ಹಸಿ ನೂಲಿನ ಬುಟ್ಟಿ. ಅದರ ಭಾರಕ್ಕೆ ಕತ್ತು ಎತ್ತುವಂತಿಲ್ಲ, ಹೊರಳಿಸುವಂತಿಲ್ಲ.

"ಖಾಲಾ ಬರಾಕತ್ತಾಳ. ನಿಲ್ಸ್ರಿ!"

ಇವರು ಗಂಟೆ ಬಾರಿಸಿದರು. ಹಿಂದಿನವರೂ ಬಾರಿಸಿದರು. ಎರಡು ಗಂಟೆ ಕೇಳಿ ಖಾಲಾ ನಮ್ಮ ಎಡಕ್ಕೆ, ಬೇಲಿಯ ಕಡೆ, ಒಂದು ಹೆಜ್ಜೆ ಇಟ್ಟಳು, ಕಳ್ಳಿ ತಾಗಿತೇನೋ, ಮತ್ತೆ ಬಲಕ್ಕೆ ಬಂದಳು. ಇವರೂ ಬಲಕ್ಕೆ ಹೊರಳಿಸಿದ್ದರು. ಆಗ ಬ್ರೇಕ್ ಹಿಡಿದರು. ಸವೆದ ರಬ್ಬರು ಕಿರ್ರೆಂದಿತು, ಅಷ್ಟೇ. ನನ್ನ ಕೈಯಲ್ಲಿದ್ದದ್ದು ಇವರ ಅಂಗಿ ಮಾತ್ರ.

ಕಣ್ಣು ತೆರೆದಾಗ ಬೇಲಿಯ ಬುಡದಲ್ಲಿ ಬಿದ್ದಿದ್ದೆ. ಇವರು ಮೊಣಕಾಲು ಹಿಡಿದು ಏಳುತ್ತಿದ್ದರು. ಖಾಲಾ ದರೆಯ ಕೆಳಗೆ ಹಳ್ಳದ ಕಲ್ಲುಗಳ ಮೇಲೆ ಬಿದ್ದಿದ್ದಳು. ಹೇಗೋ ಜಾರುತ್ತ ಇಳಿದು ಹೋದೆ. ಸೀರೆಗೂ ಬಣ್ಣ, ಕೈಗೂ ಬಣ್ಣ, ಪೆಟ್ಟು ಎಲ್ಲಿ ಬಿದ್ದಿದೆ ಎಂದು ತಿಳಿಯಲಿಲ್ಲ. "ಎಲ್ಲಿ ನೋಯಾಕತ್ತೇತಿ ಖಾಲಾ?" ಎಂದು ಕೇಳಿದೆ. ಆಕೆ ನನ್ನ ಮಣಿಕಟ್ಟು ಹಿಡಿದು, "ನೂಲು... ನೂಲಿಗೆ ಮಣ್ಣು ಹತ್ತೀತ ಬೇಟಿ, ಎತ್ತು" ಎಂದಳು. ಎತ್ತಿದೆ. ಅಷ್ಟರಲ್ಲಿ ಆಕೆ ಕಾಲು ಸರಿಸಲು ನೋಡಿ ಕೂಗಿದ ಕೂಗಿಗೆ ಹೊಲದಲ್ಲಿದ್ದವರು ಓಡಿ ಬಂದರು.

ಹೊರಸಿನ ಮೇಲೆ ಮಲಗಿಸಿ ದವಾಖಾನೆಗೆ ಒಯ್ದರು. ತೊಡೆಯ ಮೇಲ್ಗಡೆ ಎಲುಬು ಮುರಿದಿದೆ, ಬಾಗಲಕೋಟೆಗೆ ಒಯ್ಯಿರಿ, ಅಲ್ಲಿ ನೋಡುತ್ತಾರೆ ಎಂದರು ಡಾಕ್ಟರರು. ಖಾಲಾನ ಗಂಡ ಅಷ್ಟು ದೂರ ಗಾಡಿಯಲ್ಲಿ ಆಕೆ ತಾಳಲಾರಳು ಎಂದು ಎಲುಬು ಕಟ್ಟುವವನನ್ನೇ ಕರೆಸಿದ. ಬಿದಿರ ದಬ್ಬೆ ಇಟ್ಟು ಕಟ್ಟಿದರು. ಎಲುಬು ಕೂಡಿತು, ಕಾಲು ಗಿಡ್ಡವಾಯಿತು. ಖಾಲಾ ಮತ್ತೆ ಹಳ್ಳಕ್ಕೆ ಇಳಿಯಲಿಲ್ಲ. ಕೋಲು ಊರಿ ಒಳಗಿಂದ ಹೊಸ್ತಿಲಿಗೆ ಬಂದು ಕೂಡುವುದಷ್ಟೇ ಆಕೆಯ ನಡೆದಾಟವಾಯಿತು. ನೂಲು ತೊಳೆಯುವ ಕೆಲಸ ಬಸುರಿಯಾಗಿದ್ದ ಸೊಸೆಯ ಪಾಲಿಗೆ ಬಂತು.

ಬಿದ್ದ ದಿನ ಮನೆಯಲ್ಲಿ ಅತ್ತೆಯವರು ಇವರ ಮೊಣಕಾಲಿಗೆ ಅರಿಸಿನ ಹಚ್ಚುತ್ತ ನನ್ನ ಕಡೆ ತಿರುಗಿದರು. "ಹಿಂದ ನೀ ಕುಂತಿದ್ದಿ. ಒಂದ ಮಾತು ಹೇಳಾಕ ಬಾಯಿ ಇದ್ದಿಲ್ಲೇನ?"

ಹೇಳಿದ್ದೆ ಎನ್ನಲು ಬಾಯಿ ತೆರೆದೆ. ಇವರು ನನ್ನನ್ನೇ ನೋಡುತ್ತಿದ್ದರು. ಅವರು ಹೇಳಲಿ ಎಂದು ಕಾದೆ. ಅವರು ಹೇಳಲಿಲ್ಲ.

ಮಾರನೆಯ ದಿನ ಇವರೂ ನಾನೂ ಖಾಲಾನ ಮನೆಗೆ ಹೋದೆವು. ಇವರು ಹೊರಸಿನ ಪಕ್ಕ ತಲೆ ತಗ್ಗಿಸಿ ಕುಳಿತರು. ಖಾಲಾನೇ ಸಮಾಧಾನ ಹೇಳಿದಳು. "ಇರಲಿ ಮಾಸ್ತರ. ಯಾರ ಬೇಕಂತ ಮಾಡ್ತಾರ? ಚಾ ಕುಡೀರಿ." ಬಣ್ಣದ ಹಂಡೆಯ ಹತ್ತಿರ ನಿಂತಿದ್ದ ಆಕೆಯ ಮಗ ಮಾತ್ರ ನಮ್ಮ ಕಡೆ ತಿರುಗಲಿಲ್ಲ. ವಾಪಸು ಬರುವಾಗ ಇವರು ಓಣಿಯ ತಿರುವಿನಲ್ಲಿ ನಿಂತು, "ಆಕಿ ಎಡಕ್ಕ ನಿಂತಿದ್ರ ಏನೂ ಆಗ್ತಿದ್ದಿಲ್ಲ. ಬಲಕ್ಕ ಬಂದ್ಲು" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಕೆಟ್ಟವರಲ್ಲ ಇವರು. ಸಾಲೆಯಲ್ಲಿ ಒಬ್ಬ ಹುಡುಗನ ಮೇಲೂ ಕೈ ಎತ್ತಿದವರಲ್ಲ. ಸೈಕಲ್ ಹತ್ತಿದರೆ ಮಾತ್ರ ಬೇರೆ ಯಾರೋ ಆಗುತ್ತಿದ್ದರು.

ಸೈಕಲ್ಲಿನ ಸೊಟ್ಟಾದ ಚಕ್ರ ರಿಪೇರಿಯಾಗಿ ಬಂದ ದಿನ ಮುಂಜಾನೆ ಇವರು ಹೊರಗೆ ನಿಂತು ಗಂಟೆ ಬಾರಿಸಿದರು. ನಾನು ಚೀಲ ಹಿಡಿದು ಹೊರಗೆ ಬಂದು ಹೇಳಿದೆ: "ನಾ ನಡಕೋತ ಹೋಗ್ತೇನಿ."

"ಇನ್ನೂ ಅಂಜಿಕಿ ಹೋಗಿಲ್ಲೇನ?"

"ಇಲ್ರಿ."

ಮತ್ತೆ ಕರೆಯಲಿಲ್ಲ. ನಾನು ಮೊದಲೇ ಹೊರಟು ನಡೆದು ಹೋಗುವುದು ರೂಢಿಯಾಯಿತು.

ಓಣಿಯ ಹಿರಿಯರು ಸೇರಿ ಇಳಿಜಾರಿನ ಬಾಯಿಗೆ ಎರಡು ಕಲ್ಲು ಹುಗಿಸಿದರು. ಮನುಷ್ಯರು ದಾಟಬಹುದು, ಸೈಕಲ್ಲಿನವರು ಇಳಿದು ಎತ್ತಿಕೊಂಡೇ ದಾಟಬೇಕು. ಸ್ವಲ್ಪ ದಿನ ಎಲ್ಲರೂ ಇಳಿದರು. ಒಂದು ಮುಂಜಾನೆ ನೋಡಿದರೆ ಒಂದು ಕಲ್ಲು ಕಿತ್ತು ಬಿದ್ದಿತ್ತು. ಮತ್ತೆ ನೆಟ್ಟರು, ಮತ್ತೆ ಬಿತ್ತು. ಯಾರು ಕಿತ್ತರೆಂದು ಇವರನ್ನು ಕೇಳಿದೆ. "ನನಗೇನ ಗೊತ್ತು? ದಾರಿ ಎಲ್ಲಾರದೂ ಅಲ್ಲೇನ?" ಎಂದರು. ಹಿರಿಯರು ಪೊಲೀಸರಿಗೆ ಹೇಳಿದರಂತೆ. ಕಾಲ್ದಾರಿಗೆ ಪೊಲೀಸರನ್ನು ಎಲ್ಲಿಂದ ತರೋದು ಎಂಬ ಉತ್ತರ ಬಂತಂತೆ. ಆಮೇಲೆ ಯಾರೂ ಆ ಕಲ್ಲನ್ನು ಎತ್ತಿ ನಿಲ್ಲಿಸುವ ಗೋಜಿಗೆ ಹೋಗಲಿಲ್ಲ.

ಬಿಸಿಲು ಏರುತ್ತಿದ್ದ ಒಂದು ಮುಂಜಾನೆ ನಾನು ಒಡ್ಡಿನ ಮೇಲೆ ನಡೆದು ಹೋಗುತ್ತಿದ್ದಾಗ ಹಿಂದೆ ಗಂಟೆ ಕೇಳಿಸಿತು. ಯಾರದೆಂದು ತಿರುಗಿ ನೋಡುವ ಅಗತ್ಯವಿರಲಿಲ್ಲ. ಬೇಲಿಗೆ ಒತ್ತಿ ನಿಂತೆ. ಮುಂದೆ ಹುನಗುಂದದ ಕಡೆಯ ಹಳ್ಳಿಯಾಕೆ ಒಬ್ಬಳು ಮೊಸರಿನ ಗಡಿಗೆ ಹೊತ್ತು ಬರುತ್ತಿದ್ದಳು. "ಸರಿ ಯವ್ವಾ, ಬೇಲಿ ಕಡೆ ಸರಿ, ಅಲ್ಲೇ ನಿಂದ್ರು, ಅಳ್ಳಾಡಬ್ಯಾಡ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಆಕೆ ಹೆದರಿ ನಿಂತಳು. ಸೈಕಲ್ಲು ನನ್ನ ಸೆರಗಿಗೆ ಗಾಳಿ ಬಡಿಸಿ, ಆಕೆಯ ಮೊಳಕೈ ಸವರಿ ಇಳಿದು ಹೋಯಿತು. ಇವರು ಹಿಂದಕ್ಕೆ ನೋಡಲಿಲ್ಲ.

ಆಕೆ ಗಡಿಗೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

"ಯಾರವಾ ಅಂವಾ, ಹುಚ್ಚ?"

"ನಮ್ಮ ಮನಿಯವರು" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಊರ ಕಡೆ ಹೊರಟಳು. ನಾನು ಸಾಲೆಯ ಕಡೆ ನಡೆದೆ.