ಭಾವ ರಿಂಗು ಕೂರಿಸುತ್ತಿದ್ದ ಕೈ

ನನ್ನ ಅಕ್ಕನ ಗಂಡ ಕುಂದಾಪುರದ ಒಂದು ಬಸ್ ಗ್ಯಾರೇಜಿನಲ್ಲಿ ಹೆಡ್ ಮೇಸ್ತ್ರಿ. ನನ್ನನ್ನು ಅಲ್ಲಿಗೆ ಸೇರಿಸಿದವರೂ ಅವರೇ. ಅರವತ್ತೆಂಟು, ಅರವತ್ತೊಂಬತ್ತನೇ ಇಸವಿಯ ಮಾತು ಇದು. ಆಗ ನನಗೆ ಇಪ್ಪತ್ತಾರು ವರ್ಷ. ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಕೈಗೆ ಬಂದಿತ್ತು, ಬಾಯಿ ಅದಕ್ಕಿಂತ ಮೊದಲೇ ಬಂದಿತ್ತು. ಯಾರ ಕೆಲಸದಲ್ಲಿ ಹುಳುಕು ಕಂಡರೂ ನಾಲ್ಕು ಜನರ ಮುಂದೆ ಆಡಿಬಿಡುವ ಕೆಟ್ಟ ಚಾಳಿ ನನ್ನದು. ಭಾವನ ಕೆಲಸದಲ್ಲಿ ಮಾತ್ರ ಆಡಿಕೊಳ್ಳಲು ನನಗೇನೂ ಸಿಕ್ಕಿರಲಿಲ್ಲ.

ಪಿಸ್ಟನ್ನಿನ ರಿಂಗು ಕೂರಿಸುವುದರಲ್ಲಿ ಭಾವನದು ಎತ್ತಿದ ಕೈ. ಅಲ್ಯೂಮಿನಿಯಂ ಪಿಸ್ಟನ್ನಿನ ಮೈಯಲ್ಲಿ ಕೊರೆದ ತೋಡುಗಳಲ್ಲಿ ಬಳೆಯ ಹಾಗೆ ಕೂರುವ ಬೀಡು ಕಬ್ಬಿಣದ ರಿಂಗುಗಳು ಅವು. ಸಿಲಿಂಡರಿನ ಗೋಡೆಗೆ ಒತ್ತಿಕೊಂಡು, ಮೇಲಿನ ಗ್ಯಾಸು ಕೆಳಗಿಳಿಯದ ಹಾಗೆ, ಕೆಳಗಿನ ಎಣ್ಣೆ ಮೇಲೆ ಹತ್ತದ ಹಾಗೆ ಕಾಯುವುದು ಅವುಗಳ ಕೆಲಸ. ಸ್ವಲ್ಪ ಹೆಚ್ಚು ಅಗಲಿಸಿದರೆ ಪಟ್ ಎಂದು ಮುರಿಯುತ್ತವೆ. ಎರಡನೆಯ ರಿಂಗಿನ ಒಂದು ಅಂಚಿನಲ್ಲಿ ಉಗುರಿನ ದಪ್ಪದ ಒಂದು ಕಚ್ಚು ಇರುತ್ತದೆ, ಅದು ಕೆಳಮುಖವಾಗಿಯೇ ಕೂರಬೇಕು. ಮೇಲು ಕೆಳಗಾದರೆ ಎಣ್ಣೆ ಮೇಲೆ ಹತ್ತಿ ಉರಿದು ನೀಲಿ ಹೊಗೆ ಬರುತ್ತದೆ. ಗ್ರೀಸು ಮೆತ್ತಿದ ರಿಂಗಿನಲ್ಲಿ ಆ ಕಚ್ಚು ಕಣ್ಣಿಗೆ ಕಾಣುವುದು ಕಷ್ಟ. ನಾವು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಭಾವ ನೋಡುತ್ತಲೇ ಇರಲಿಲ್ಲ. ಬಾಯಲ್ಲಿ ಎಲೆಯಡಿಕೆಯ ಕವಳ, ಮಾತು ಹಿಂದಿನ ದಿನದ ಯಕ್ಷಗಾನದ ಆಟದ ಭಾಗವತರ ಬಗ್ಗೆ, ಕಣ್ಣು ರಸ್ತೆಯ ಕಡೆಗೆ. ಬಲ ಹೆಬ್ಬೆರಳು ಅಂಚಿನ ಮೇಲೆ ಒಂದು ಸುತ್ತು ಬರುತ್ತಿತ್ತು, ರಿಂಗು ತನ್ನ ತೋಡಿನಲ್ಲಿ ಕೂತಿರುತ್ತಿತ್ತು.

ನಮ್ಮ ಗ್ಯಾರೇಜಿನಲ್ಲಿ ಒಂದು ಕ್ರಮ ಇತ್ತು. ರಿಂಗು ಕೂರಿಸಿದವನೇ ಆ ಬಸ್ಸಿನ ಮೊದಲ ಟ್ರಿಪ್ಪಿನಲ್ಲಿ ಡ್ರೈವರನ ಪಕ್ಕ ಕೂತು ಹೋಗಿ ಬರಬೇಕು. ಭಾವ ಅವತ್ತು ಮಿಂದು, ಒಗೆದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಲೈನಿನ ಜನಕ್ಕೆಲ್ಲ ಗೊತ್ತಿತ್ತು, ಮದುಮಗ ಹೊರಟ ಎಂದು ತಮಾಷೆ ಮಾಡುತ್ತಿದ್ದರು.

ಒಂದು ದಿನ ಹಾಗೆ ಹೊರಟ ಬೈಂದೂರು ಬಸ್ಸು ಕಿರಿಮಂಜೇಶ್ವರ ಮುಟ್ಟುವಷ್ಟರಲ್ಲಿ ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಹೊಗೆ ಬಿಟ್ಟಿತು. ಜನ ಇಳಿದು ಬೇರೆ ಬಸ್ಸು ಹತ್ತಿದರು. ಭಾವ ಖಾಲಿ ಬಸ್ಸಿನಲ್ಲಿ ವಾಪಸು ಬಂದರು. ಮಾರನೆಯ ದಿನ ಎಂಜಿನ್ ಬಿಚ್ಚಿದವನು ನಾನೇ. ಆರು ಪಿಸ್ಟನ್ನುಗಳಲ್ಲಿ ಮೂರರ ಎರಡನೆಯ ರಿಂಗು ತಲೆಕೆಳಗಾಗಿತ್ತು. ಇಷ್ಟು ವರ್ಷಕ್ಕೆ ಒಂದು ಸಲ ಸಿಕ್ಕಿದರು ನೋಡಿ, ನಾನು ಬಿಡುತ್ತೇನೆಯೇ! ರಿಂಗು ಕೂರಿಸುವಾಗ ರಸ್ತೆಯಲ್ಲಿ ಯಾವ ಹೆಂಗಸು ಹೋಗುತ್ತಿದ್ದಳು ಎಂದು ಎಲ್ಲರ ಮುಂದೆ ಕೇಳಿದೆ. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು, ಭಾವನೂ ನಕ್ಕರು.

ಆಮೇಲೆ ನನ್ನೆದುರೇ ಕೂತು ಆ ರಿಂಗುಗಳನ್ನು ಬಿಚ್ಚತೊಡಗಿದರು. ಒಂದು ರಿಂಗು ಜಾರಿ ಅದರ ತುದಿ ಹೆಬ್ಬೆರಳನ್ನು ಸೀಳಿಕೊಂಡು ಹೋಯಿತು. ರಕ್ತ ಪಿಸ್ಟನ್ನಿನ ಮೇಲೆ ಇಳಿಯುತ್ತಿತ್ತು. ಅವರು ಮಾತಾಡುತ್ತಲೇ ಇದ್ದರು, ಬೂತಾಯಿ ಈ ವರ್ಷ ಬಲೆಗೇ ಬೀಳುತ್ತಿಲ್ಲ ಎಂದು. ನಾನು ಕಾದೆ. ಈಗ ಕೈ ಕೊಡವುತ್ತಾರೆ, ಈಗ ಬೈಯುತ್ತಾರೆ ಎಂದು. ಅವರು ಅದೇ ಬೆರಳಿಂದ ಮುಂದಿನ ರಿಂಗು ಹಿಡಿದರು.

"ಭಾವ, ನಿಮ್ ಕೈ ಕಾಣಿ" ಅಂದೆ.

ಅವರು ಕೈಯನ್ನು ನೋಡಿದರು, ಬೇರೆ ಯಾರದೋ ಕೈ ನೋಡಿದ ಹಾಗೆ. ಆಮೇಲೆ ನನ್ನ ಮುಖ ನೋಡಿದರು. ಆಗ ನನಗೆ ಒಂದೊಂದೇ ನೆನಪಾಯಿತು. ಅವರು ಕೆಲವು ತಿಂಗಳಿಂದ ಸೆಖೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದರು. ಬಾವಿಕಟ್ಟೆಯಲ್ಲಿ ಮೀಯುವಾಗ ಮೊಣಕೈ ಹತ್ತಿರ ಬಿಳಿಚಿದ ಒಂದು ಮಚ್ಚೆಯನ್ನು ನಾನು ನೋಡಿದ್ದೆ, ಕೇಳಿರಲಿಲ್ಲ. ಆಗೆಲ್ಲ ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕುಷ್ಠ.

ಆ ಸಂಜೆ ಮನೆಗೆ ನಡೆಯುತ್ತ ಅವರೇ ಮಾತು ತೆಗೆದರು. ಬೆರಳಿನ ತುದಿಗಳು ಮಳೆಗಾಲದಿಂದಲೇ ಮರಗಟ್ಟಿವೆ, ಅಕ್ಕನಿಗೆ ಹೇಳಿಲ್ಲ ಎಂದರು. ಆಮೇಲೆ ಕೇಳಿದರು, "ಆಸ್ಪತ್ರೆಗ್ ಒಂದ್ಸಲ ಹೋಪನಾ? ನೀ ಒಟ್ಟಿಗ್ ಬಂದ್ರೆ ಹೋತೆ."

ನಾನು ಹೌದು ಅನ್ನಬೇಕಿತ್ತು. ಆದರೆ ಬ್ರಹ್ಮಾವರದ ಕಡೆಯ ಒಂದು ಹೆಣ್ಣು ನನಗೆ ನಿಶ್ಚಯವಾಗಿ ಹದಿನೈದು ದಿನವೂ ಆಗಿರಲಿಲ್ಲ. ಗದ್ದೆ, ತೋಟ ಇದ್ದ ಒಳ್ಳೆಯ ಮನೆತನ. ಭಾವನನ್ನು ಯಾರಾದರೂ ಆ ರೋಗದ ಆಸ್ಪತ್ರೆಯ ಬಾಗಿಲಲ್ಲಿ ನೋಡಿದರೆ ಸುದ್ದಿ ನಾವು ಮನೆ ಮುಟ್ಟುವ ಮೊದಲೇ ಬ್ರಹ್ಮಾವರ ಮುಟ್ಟುತ್ತದೆ, ಸಂಬಂಧ ಅಲ್ಲಿಗೇ ಮುರಿಯುತ್ತದೆ. ಅದಕ್ಕೆ ಮದ್ದಿದೆ, ಬೇಗ ಹೋದರೆ ಗುಣವಾಗುತ್ತದೆ ಎಂದು ನಮ್ಮೂರಿನ ಕಾಂಪೌಂಡರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

"ನನ್ ಮದಿ ಒಂದ್ ಮುಗೀಲಿ ಭಾವ" ಅಂದೆ.

ಅವರು ಸಮ ಎಂದು ತಲೆಯಾಡಿಸಿದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಮದುವೆಗೆ ಐದು ತಿಂಗಳಿತ್ತು. ಅಷ್ಟೂ ದಿನ ನಾವಿಬ್ಬರೂ ಸೇರಿ ಗ್ಯಾರೇಜಿನ ಕಣ್ಣಿಗೆ ಮಣ್ಣೆರಚಿದೆವು. ರಿಂಗು ಕೂರಿಸಲು ಅವರು ಕೂರುತ್ತಿದ್ದರು, ಅವರು ಕವಳ ಉಗುಳಲು ಎದ್ದಾಗ ನಾನು ನನ್ನ ಬೆರಳಾಡಿಸಿ, ತಪ್ಪಿದ್ದನ್ನು ತಿರುಗಿಸಿ ಹಾಕುತ್ತಿದ್ದೆ. ಬಸ್ಸು ಹೊಗೆ ಬಿಡದೆ ಹೋಗಿ ಬರುತ್ತಿತ್ತು. ಮೊದಲ ಟ್ರಿಪ್ಪಿಗೆ ಒಗೆದ ಅಂಗಿ ಹಾಕಿ ಹೋಗುವವರು ಅವರು, ಶಾಭಾಸ್ ಅನ್ನಿಸಿಕೊಳ್ಳುವವರೂ ಅವರು. ಕೆಲವು ದಿನ ನನಗೆ ಹೊಟ್ಟೆ ಉರಿಯುತ್ತಿತ್ತು. ಇನ್ನು ಕೆಲವು ದಿನ ಎಂಥ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಮುಚ್ಚಿಡುವುದೇ ಉಪಕಾರ ಎಂದುಕೊಂಡಿದ್ದ ಪೆದ್ದ ನಾನು. ಪೆದ್ದ ಅಂದರೂ ಕಡಿಮೆಯೇ, ಸ್ವಾರ್ಥಿ.

ಮದುವೆಯಲ್ಲಿ ಭಾವ ಬಡಿಸಲಿಲ್ಲ. ಯಾರ ಕೈಯನ್ನೂ ಹಿಡಿಯಲಿಲ್ಲ. ಬಲಗೈ ಮೇಲೆ ಶಾಲು ಇಳಿಬಿಟ್ಟುಕೊಂಡು ಚಪ್ಪರದ ಬಾಗಿಲಲ್ಲೇ ನಿಂತು, ಬಂದವರಿಗೆಲ್ಲ ತಲೆ ಬಾಗಿಸುತ್ತಿದ್ದರು. ನಿನ್ನ ಭಾವನಿಗೆ ಜಂಬ ಜಾಸ್ತಿ ಎಂದು ಹೆಣ್ಣಿನ ಕಡೆಯವರು ನನ್ನ ಕಿವಿಯಲ್ಲಿ ಹೇಳಿದರು. ನಾನು ಹಲ್ಲು ಕಿಸಿದೆ.

ಮದುವೆ ಮುಗಿಯಿತು. ಮುಗಿದ ಮೇಲಾದರೂ ಹೋಗಬಹುದಿತ್ತಲ್ಲ? ಹೆಂಡತಿಯ ತಂಗಿಗೆ ಗಂಡು ನೋಡುತ್ತಿದ್ದರು, ಅದೊಂದು ಆಗಲಿ ಎಂದುಕೊಂಡೆ. ಭಾವ ಕೇಳಲಿಲ್ಲ, ನಾನು ಹೇಳಲಿಲ್ಲ. ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಮಡಚಿಕೊಳ್ಳುತ್ತ ಬಂದವು. ಸ್ಪ್ಯಾನರು ಜಾರುತ್ತಿತ್ತು. ಇನ್ನೂ ಮೂರು ತಿಂಗಳು ಹೋಯಿತು.

ಕೊನೆಗೆ ಒಂದು ಬೆಳಿಗ್ಗೆ, ಆಗಷ್ಟೇ ಬಂದು ನಿಂತ ಬಸ್ಸಿನ ಎಂಜಿನ್ನಿಗೆ ಬಗ್ಗಿದ್ದ ಭಾವ ಬಲಗೈಯನ್ನು ಕಾದ ಹೊಗೆ ಪೈಪಿನ ಮೇಲೆ ಊರಿದರು. ಊರಿ, ಡ್ರೈವರನೊಂದಿಗೆ ಮಾತಾಡುತ್ತ ನಿಂತರು. ಸುಟ್ಟ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಅವರ ಮೂಗಿಗೆ ಬಂದಾಗ ಅವರೂ ಎಂತ ವಾಸನೆ ಎಂದು ಸುತ್ತ ನೋಡಿದರು. ಡ್ರೈವರ್ ಅವರ ಕೈಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ಸಾಕಾಯಿತು. ಮಧ್ಯಾಹ್ನದ ಚಾಕ್ಕೆ ಅವರ ಗ್ಲಾಸು ಬೇರೆ ಇಟ್ಟಿದ್ದರು. ಗ್ಯಾರೇಜಿನ ಧಣಿಗಳು ಗದರಲಿಲ್ಲ, ಕೆಟ್ಟ ಮಾತಾಡಲಿಲ್ಲ, ಇನ್ನು ಮನೆಯಲ್ಲೇ ಇರಿ ಎಂದರು. ಹದಿನೆಂಟು ವರ್ಷ ದುಡಿದ ಮನುಷ್ಯ ಬುತ್ತಿಯ ಡಬ್ಬಿ ಎತ್ತಿಕೊಂಡು ಹೊರಟುಹೋದರು.

ಹಾಗಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ನನ್ನ ದೊಡ್ಡಸ್ತಿಕೆಯಲ್ಲ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎರಡು ದಿನ ಬಿಟ್ಟು ಬೆಳಗಿನ ಬಸ್ಸಿಗೆ ಹೊರಟೆವು. ಸಾಲಿಗ್ರಾಮದವರೆಗೆ ಒಂದೇ ಸೀಟಿನಲ್ಲಿ ಕೂತಿದ್ದೆವು. ಅಲ್ಲಿ ಭಾವ ಎದ್ದು ಹಿಂದಿನ ಸೀಟಿಗೆ ಹೋದರು. ಎಂತಕ್ಕೆ ಎಂದು ನನಗೆ ಆಮೇಲೆ ಹೊಳೆಯಿತು. ಮುಂದೆ ಬ್ರಹ್ಮಾವರ, ಮಾವನ ಮನೆಯವರು ಯಾರಾದರೂ ಹತ್ತಬಹುದು. ನಾನು ಹೋಗಿ ಅವರ ಪಕ್ಕ ಕೂರಬಹುದಿತ್ತು. ಕೂರಲಿಲ್ಲ.

ಡಾಕ್ಟರು ಒಳ್ಳೆಯವರು. ಕೈಯನ್ನು ಹೆದರದೆ ಮುಟ್ಟಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಮಾತ್ರೆ ತಪ್ಪಿಸದಿದ್ದರೆ ರೋಗ ಹೋಗುತ್ತದೆ, ಯಾರಿಗೂ ಹರಡುವುದಿಲ್ಲ, ಆದರೆ ಈ ಕೈಗೆ ಹೋದ ಸ್ಪರ್ಶ ಮತ್ತೆ ಬರುವುದಿಲ್ಲ ಎಂದರು. ಆರೇಳು ತಿಂಗಳು ಮೊದಲು ಬಂದಿದ್ದರೆ ಕೈ ಉಳಿಸಬಹುದಿತ್ತು, ಮೊದಲು ಗೊತ್ತಾದದ್ದು ಯಾವಾಗ ಎಂದು ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು. ಕೇಳುವಾಗ ನನ್ನ ಕಡೆಗೂ ನೋಡಿದರು.

ಭಾವ ತಡವರಿಸಲೇ ಇಲ್ಲ. "ಹೋದ್ ತಿಂಗ್ಳ್ ಗೊತ್ತಾದ್ದ್. ಮನೆಗ್ ಯಾರಿಗೂ ಹೇಳಿರ್ಲಿಲ್ಲ. ಇವ್ನಿಗೂ ಮೊನ್ನೆಯೇ ಗೊತ್ತಾದ್ದ್" ಅಂದರು.

ನಾನು ಹೌದೆಂದು ತಲೆಯಾಡಿಸಿದೆ.

ವಾಪಸು ಬಂದಾಗ ಮಧ್ಯಾಹ್ನ ದಾಟಿತ್ತು. ಅಕ್ಕ ಇಬ್ಬರಿಗೂ ಕುಚ್ಚಲಕ್ಕಿ ಅನ್ನ ಬಡಿಸಿದಳು. ಭಾವ ಎಡಗೈಯಲ್ಲಿ ಚಮಚ ಹಿಡಿದು ನಾಲ್ಕು ತುತ್ತು ಉಂಡು ಎದ್ದರು. ಅವರು ಅತ್ತ ಹೋದ ಮೇಲೆ ಅಕ್ಕ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿ, ಕಣ್ಣೊರೆಸಿಕೊಂಡು ಹೇಳಿದಳು, "ನೀ ಇದ್ದದ್ದಕ್ಕೆ ಆಯ್ತ್. ಇಲ್ದಿರೆ ಇವ್ರ್ ಇನ್ನೂ ಮುಚ್ಚಿಟ್ಕಂಡೇ ಇರ್ತಿದ್ರ್."

ಅವಳು ಹಾಕಿದ ಅನ್ನವನ್ನೆಲ್ಲ ಉಂಡೆ.