ಮಲ್ಲಿಪಟ್ಟಣದಾಚೆಯ ಹಾಳು ಗುಡಿಯಲ್ಲಿ ಭಾವ ಮಲಗಿದ್ದು

ನಮ್ಮ ಭಾವ ಹಾಸನದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಎದುರಿಗೆ ಕೂರುವ ಮಕ್ಕಳು ಇಲ್ಲವಾದ ಮೇಲೆ ಆ ಪಾಠವೆಲ್ಲ ಅಕ್ಕನ ಪಾಲಿಗೆ ಬಂತು. ಅಕ್ಕನಿಗೆ ಸಾಕಾದಾಗ ನನ್ನ ಪಾಲಿಗೆ. ನಾನು ಹೊಳೆನರಸೀಪುರದ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ಭಾನುವಾರ ನನಗೆ ರಜ ಎಂಬುದು ಭಾವನಿಗೆ ಚೆನ್ನಾಗಿ ಗೊತ್ತು, ಅದೇ ನನ್ನ ಕಷ್ಟ.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ ನಡೆದದ್ದು ಇದು. ಬೆಳಗ್ಗೆ ಆರಕ್ಕೇ ಹೊರಟು, ಮಲ್ಲಿಪಟ್ಟಣದಾಚೆ ಒಂದು ಹಾಳು ಗುಡಿ ನೋಡಿಕೊಂಡು, ಬಿಸಿಲೇರುವ ಮೊದಲೇ ಮನೆ ಸೇರಿಬಿಡೋಣ ಎಂದು ಭಾವ ಫೋನಿನಲ್ಲಿ ಹೇಳಿದ್ದರು. ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಅವರು ಹಾಸನದಿಂದ ನಮ್ಮ ಮನೆಗೆ ಬಂದದ್ದೇ ಒಂಬತ್ತೂವರೆಗೆ. ಅವ್ವ ಅಕ್ಕಿರೊಟ್ಟಿ ಹಾಕಿದಳು. ಭಾವ ಮೂರು ತಿಂದರು, ನಾಲ್ಕನೆಯದನ್ನು ಬೇಡ ಬೇಡ ಎನ್ನುತ್ತಲೇ ತಿಂದರು. ಅರಕಲಗೂಡಿನಲ್ಲಿ ಟೈರು ಪಂಕ್ಚರ್ ಆಯಿತು. ಪಂಕ್ಚರ್ ಹಾಕುವವನು ತಿಂಡಿಗೆ ಹೋಗಿದ್ದ. ಅಂತೂ ನಾವು ಗುಡಿಯ ಮುಂದೆ ಇಳಿದಾಗ ಹನ್ನೆರಡೂ ಕಾಲು.

ಕಾರಿನ ಬಾಗಿಲು ತೆಗೆದದ್ದೇ ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ಸುತ್ತ ಉತ್ತು ಬಿಟ್ಟ ಹೊಲ, ನಡುವೆ ಒಂದು ಜಗತಿ, ಅಂದರೆ ಎತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಅರ್ಧ ಬಿದ್ದ ಕಲ್ಲಿನ ಮಂಟಪ. ಮಂಟಪದ ಚಾವಣಿಯೆಲ್ಲ ಕುಸಿದು ಕಂಬಗಳು ಮಾತ್ರ ನಿಂತಿದ್ದವು. ಹಿಂದಿನ ಗರ್ಭಗುಡಿಯೊಂದೇ ಇಡಿಯಾಗಿ ಉಳಿದಿತ್ತು. ಅಕ್ಕ ಕೊಡೆ ಬಿಚ್ಚಿದಳು.

"ಕಲ್ಲು ನೋಡಕ್ಕೆ ಕೊಡೆ ಹಿಡ್ಕೊಂಡು ಬರೋರನ್ನ ಇವತ್ತೇ ನೋಡಿದ್ದು" ಅಂದರು ಭಾವ. ಅವರ ಬಳಿ ಟೋಪಿ ಕೂಡ ಇರಲಿಲ್ಲ. ಕೈಯಲ್ಲಿ ಒಂದು ನೋಟ್‌ಬುಕ್, ಜೇಬಿನಲ್ಲಿ ಅಳತೆಯ ಟೇಪು. ಅವರು ಯಾವ ಗುಡಿಗೆ ಹೋದರೂ ಮೊದಲು ಅಳೆಯುತ್ತಾರೆ, ಆಮೇಲೆ ನೋಡುತ್ತಾರೆ.

ಜಗತಿಯ ಮೆಟ್ಟಿಲ ಹತ್ತಿರ ಚಪ್ಪಲಿಯ ವಾದ ಶುರುವಾಯಿತು. ಒಳಗೆ ಮೂರ್ತಿಯೇ ಇಲ್ಲ ಎಂದು ಭಾವನೇ ದಾರಿಯಲ್ಲಿ ಹೇಳಿದ್ದರು. "ದೇವರೇ ಇಲ್ಲ ಅಂದ್ಮೇಲೆ ಚಪ್ಪಲಿ ಯಾಕ್ರೀ ಬಿಡಬೇಕು?" ಅಂದಳು ಅಕ್ಕ.

"ಮೂರ್ತಿ ಇಲ್ಲದಿದ್ರೂ ಗುಡಿ ಗುಡೀನೇ."

ಭಾವ ಚಪ್ಪಲಿ ಬಿಟ್ಟು ಗಂಭೀರವಾಗಿ ನಾಲ್ಕು ಹೆಜ್ಜೆ ಇಟ್ಟರು. ಐದನೆಯ ಹೆಜ್ಜೆಗೆ ಗಾಂಭೀರ್ಯ ಸ್ವಲ್ಪ ಅವಸರದ್ದಾಯಿತು. ಆಮೇಲೆ ಒಂದು ಕಂಬದ ನೆರಳಿಂದ ಇನ್ನೊಂದು ಕಂಬದ ನೆರಳಿಗೆ ಜಿಗಿಯುತ್ತಲೇ ಹೊಯ್ಸಳರ ವಿಷಯ ಹೇಳತೊಡಗಿದರು. ನೆತ್ತಿಯ ಮೇಲಿನ ಸೂರ್ಯ ಒಂದೊಂದು ಕಂಬಕ್ಕೂ ಕೊಟ್ಟಿದ್ದು ಗೇಣಗಲದ ನೆರಳು. ನಾವಿಬ್ಬರೂ ಚಪ್ಪಲಿ ಹಾಕಿಕೊಂಡೇ ಕೆಳಗೆ ಕೊಡೆಯಡಿ ನಿಂತು, ಎಲ್ಲ ಕೇಳಿಸಿತು ಎಂಬಂತೆ ತಲೆ ಆಡಿಸಿದೆವು.

ಜಗತಿಯ ಪಕ್ಕ ಒಂದು ಶಾಸನದ ಕಲ್ಲು ಇತ್ತು. ಅಕ್ಷರ ಸವೆದು, ಮೇಲೆ ಧೂಳು ಕೂತಿತ್ತು. ಒದ್ದೆ ಮಾಡಿದರೆ ಅಕ್ಷರ ಎದ್ದು ಕಾಣುತ್ತದೆ ಎಂದು ಭಾವ ನನ್ನ ಕೈಯಿಂದ ನೀರಿನ ಬಾಟಲಿ ಇಸಿದುಕೊಂಡು ಸುರಿದರು. ಒಂದು ಸಾಲು ಓದುವಷ್ಟರಲ್ಲಿ ಕಲ್ಲು ನೀರು ಕುಡಿದು ಒಣಗಿ ಕೂತಿತು. ಇನ್ನೊಂದು ಬಾಟಲಿ ಸುರಿದರು. ನಾನು ಅಕ್ಕನ ಮುಖ ನೋಡಿದೆ. ಮೂರನೆಯ ಬಾಟಲಿಯನ್ನು ಅವಳು ಸೆರಗಿನ ಹಿಂದೆ ಬಚ್ಚಿಡಲು ನೋಡಿದಳು, ಆದರೆ ಭಾವ ಮಕ್ಕಳ ಕೈಯಿಂದ ಕಾಪಿ ಚೀಟಿ ಹಿಡಿದು ಪಳಗಿದವರು. ಅದೂ ಕಲ್ಲಿಗೇ ಹೋಯಿತು. ನಮಗೆ ಕುಡಿಯಲು ತೊಟ್ಟು ನೀರು ಉಳಿಯಲಿಲ್ಲ.

ಆ ಕಲ್ಲಿನ ಮುಂದೆ ಅವರು ಬರಿತಲೆಯಲ್ಲಿ ಅರ್ಧ ಗಂಟೆಯಾದರೂ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಹೊಲದಾಚೆ ಹೊಂಗೆ ಮರದ ಕಡೆ ನೋಡುತ್ತಿದ್ದೆ. ಅಕ್ಕ ನನ್ನ ಮೊಣಕೈ ಹಿಡಿದಳು.

"ಇವರ ಮಾತು ನಿಂತಿದೆ ಕಣೆ. ಏನೋ ಆಗಿದೆ."

ಹೌದು, ಮಾತು ನಿಂತಿತ್ತು. ಭಾವ ಎದ್ದು ನಿಂತರು, ಕೈ ಚಾಚಿ ಏನನ್ನೋ ಹಿಡಿಯಲು ನೋಡಿದರು, ಹಿಡಿಯಲು ಏನೂ ಸಿಗಲಿಲ್ಲ. ನಾವು ಓಡಿಹೋಗಿ ಎರಡು ಕಡೆಯಿಂದ ಹಿಡಿದುಕೊಂಡೆವು. ಮುಖ ಬಿಳಿಚಿಕೊಂಡಿತ್ತು. "ನನಗೇನೂ ಆಗಿಲ್ಲ" ಎಂದು ನನ್ನನ್ನು ಅಕ್ಕ ಅಂದುಕೊಂಡು ಹೇಳಿದರು. ಆಗ ನನಗೆ ನಿಜವಾಗಿ ಹೆದರಿಕೆ ಆಯಿತು. ಕಾರು ಕಾದ ಕಾವಲಿಯಾಗಿತ್ತು, ಹೊಂಗೆ ಮರ ದೂರ ಇತ್ತು.

"ಒಳಿಕ್ ಕರ್ಕಬನ್ನಿ, ಇಲ್ಲಿ ತಂಪಾಗದೆ."

ದನಿ ಬಂದದ್ದು ಗರ್ಭಗುಡಿಯಿಂದ. ಬಾಗಿಲಲ್ಲಿ ತಲೆಗೆ ಟವೆಲು ಸುತ್ತಿದ್ದ ಒಬ್ಬ ಅಜ್ಜಿ ನಿಂತಿದ್ದರು, ಕೈಯಲ್ಲಿ ಕೋಲು. ಅಷ್ಟು ಹೊತ್ತೂ ಅವರು ಒಳಗೇ ಇದ್ದರು. ಭಾವನನ್ನು ಎಳೆದುಕೊಂಡು ಹೋದರೆ ಒಳಗೆ ಹತ್ತು ಹನ್ನೆರಡು ಆಡುಗಳು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ದೇವರು ಖಾಲಿ ಮಾಡಿದ ಜಾಗವನ್ನು ಅವು ಚೆನ್ನಾಗಿ ಉಪಯೋಗಿಸಿಕೊಂಡಿದ್ದವು. ಅಜ್ಜಿ ಕೋಲಿನಿಂದ ಎರಡನ್ನು ಎಬ್ಬಿಸಿ ಭಾವನಿಗೆ ಜಾಗ ಮಾಡಿದರು. ಕಲ್ಲು ನಿಜಕ್ಕೂ ತಣ್ಣಗಿತ್ತು. ಅಜ್ಜಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಕ್ಯಾನಿನಿಂದ ನೀರು ಬಗ್ಗಿಸಿ ತಮ್ಮ ಟವೆಲು ನೆನೆಸಿ ಭಾವನ ತಲೆ, ಕುತ್ತಿಗೆ, ಎದೆಯ ಮೇಲೆ ಹಾಕಿದರು. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು.

"ಒಂದೇ ಸಲ್ಕೆ ಕುಡಿಸ್ಬ್ಯಾಡ ಕಣವ್ವ, ಒಂದೊಂದೇ ಗುಟುಕು" ಎಂದು ಅಕ್ಕನಿಗೆ ಹೇಳಿಕೊಟ್ಟರು. ಮತ್ತೆ ನನ್ನ ಕಡೆ ತಿರುಗಿ, "ಈ ಬಿಸ್ಲಲ್ಲಿ ನಾನು ಆಡ್ನೇ ಈಚಿಗ್ ಬಿಡಕಿಲ್ಲ. ನೀವು ಇವ್ರನ್ನ ಬುಟ್ಬುಟ್ರಲ್ಲ" ಅಂದರು.

ಅಕ್ಕ ಗುಟುಕು ಗುಟುಕಾಗಿ ಮಜ್ಜಿಗೆ ಕುಡಿಸಿದಳು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಅವಳು ಭಾವನ ಕೂದಲು ನೇವರಿಸಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿ, ಆಡುಗಳ ಎದುರಿಗೆ, ಎಷ್ಟೋ ಹೊತ್ತು ನೇವರಿಸುತ್ತಲೇ ಇದ್ದಳು. ನಾನು ಹೊರಗೆ ನೋಡಿದೆ.

ಸುಮಾರು ಹೊತ್ತಿನ ಮೇಲೆ ಭಾವ ಕಣ್ಣು ಬಿಟ್ಟರು. "ಅಲ್ನೋಡಿ" ಅಂದರು.

ನೆತ್ತಿಯ ಮೇಲಿನ ಕಲ್ಲಿನಲ್ಲಿ ಒಂದು ದೊಡ್ಡ ಕಮಲ ಅರಳಿತ್ತು, ನಡುವೆ ಒಂದು ಮೊಗ್ಗು ಕೆಳಕ್ಕೆ ಇಳಿಬಿದ್ದಿತ್ತು. ಬಾಗಿಲಿಂದ ಬರುವ ಮಬ್ಬು ಬೆಳಕು ಒಂದೊಂದು ದಳದ ಅಂಚಿಗೆ ಮಾತ್ರ ತಗುಲುತ್ತಿತ್ತು. ಭಾವ ಆ ಗುಡಿಗೆ ಅದಕ್ಕೆ ಮುಂಚೆ ನಾಲ್ಕು ಸಲ ಬಂದಿದ್ದರು. ಗೋಡೆ, ಕಂಬ, ಹೊಸ್ತಿಲು ಎಲ್ಲ ಅಳೆದು ಬರೆದುಕೊಂಡಿದ್ದರು. ಕತ್ತೆತ್ತಿ ನೋಡಿರಲಿಲ್ಲ.

"ಇದನ್ನ ನಾನು ಕಂಡೇ ಇರಲಿಲ್ಲ" ಅಂದರು.

"ನಾನ್ ದಿನಾ ನೋಡ್ತೀನಿ ಸಾ" ಅಂದರು ಅಜ್ಜಿ. "ಮನೀಕಂಡ್ರೆ ಕಾಣ್ತದೆ. ಅದ್ನಾರು ದಳ ಅವೆ, ಎಲ್ಡು ಮುರ್ದೋಗವೆ."

ಭಾವ ಮಲಗಿದಲ್ಲೇ ಬೆರಳು ಮಡಿಸುತ್ತ ಎಣಿಸಿದರು. ಲೆಕ್ಕ ಸರಿಯಾಗಿತ್ತು. ಎಲ್ಲಿ ಸರಿಯಾಗಿ ಕಾಣಿಸುತ್ತದೋ ಅಲ್ಲಿಗೆ ತಲೆ ಇಡಿ ಎಂದು ಅಜ್ಜಿ ಅವರನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದರು. ಭಾವ ಮರುಮಾತಾಡದೆ ಸರಿದರು. ಅಕ್ಕನೂ ಮಲಗಿದಳು. ಕೊನೆಗೆ ನಾನೂ ಮಲಗಿದೆ. ಒಂದು ಆಡು ನನ್ನ ದುಪಟ್ಟದ ಅಂಚು ತಿನ್ನುತ್ತಿತ್ತು, ತಿನ್ನಲಿ ಎಂದು ಬಿಟ್ಟೆ.

ಬಿಸಿಲು ಇಳಿದ ಮೇಲೆ ಹೊರಟೆವು. ಅಕ್ಕ ಕಾರಿನ ಕೀ ಭಾವನ ಕೈಗೆ ಕೊಡಲಿಲ್ಲ, ನನಗೆ ಕೊಟ್ಟಳು. ಅರಕಲಗೂಡಿನಲ್ಲಿ ಡಾಕ್ಟರು ಬಿ.ಪಿ. ನೋಡಿ, ನೀರಿಗೆ ಕಲಸುವ ಪುಡಿ ಕೊಟ್ಟು, ಎರಡು ದಿನ ಮನೆಯಲ್ಲೇ ಮಲಗಿ ಅಂದರು. ಬಿಸಿಲಲ್ಲಿ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದಾಗ ಭಾವ ಗೋಡೆಯ ಕ್ಯಾಲೆಂಡರು ನೋಡಿದರು.

ವಾರದೊಳಗೆ ಪೂರ್ತಿ ಚೇತರಿಸಿಕೊಂಡರು ಎಂದು ನನಗೆ ಗೊತ್ತಾದದ್ದು ಅವರು ಎಂದಿನಂತೆ ನನಗೂ ಕಳಿಸಿದ ವಾಟ್ಸಾಪ್ ಬರಹದಿಂದ. ನಿವೃತ್ತ ಮೇಷ್ಟ್ರುಗಳ ಗುಂಪಿನಲ್ಲಿ ಅವರು ಉದ್ದಕ್ಕೆ ಬರೆದಿದ್ದರು: ಭುವನೇಶ್ವರಿಯನ್ನು, ಅಂದರೆ ಗುಡಿಯ ಚಾವಣಿಯ ಕೆತ್ತನೆಯನ್ನು, ಅಧ್ಯಯನ ಮಾಡಲು ನೆಲದ ಮೇಲೆ ಅಂಗಾತ ಮಲಗಿ ನೋಡುವುದೇ ಸರಿಯಾದ ಕ್ರಮ, ತಾವು ಹಾಗೆ ಮೂರು ಗಂಟೆ ನೋಡಿದ್ದಾಗಿಯೂ ಸೇರಿಸಿದ್ದರು. ಆಡುಗಳ ವಿಷಯ ಇರಲಿಲ್ಲ, ಅಜ್ಜಿಯದ್ದೂ ಇರಲಿಲ್ಲ. ಅಕ್ಕ ಓದಿ ನನಗೆ ಫೋನ್ ಮಾಡಿದಳು.

"ಅಜ್ಜಿ ಹೇಳಿಕೊಟ್ಟಿದ್ದು ಅಂತ ಬರೆಯೋ ತನಕ ಊಟ ಇಲ್ಲ ಅಂದಿದ್ದೀನಿ."

ಸಂಜೆಯ ಹೊತ್ತಿಗೆ ಗುಂಪಿನಲ್ಲಿ ಎರಡನೆಯ ಬರಹ ಬಂತು. ಅದು ಚಿಕ್ಕದಾಗಿತ್ತು, ಆದರೆ ಅಜ್ಜಿ ಎಣಿಸಿದ ದಳಗಳು, ಮಜ್ಜಿಗೆ, ಟವೆಲು ಎಲ್ಲ ಅದರಲ್ಲಿತ್ತು. ಭಾವ ಬರೆದದ್ದರಲ್ಲಿ ನಾನು ಕೊನೆಯವರೆಗೆ ಓದಿದ್ದು ಅದೊಂದೇ.